ಸಮುದ್ರವನ್ನು ಎರಡು ಗಜ ಎಳೆದ ಹಲಗೆ

ನಮ್ಮ ಊರಿನ ಸಮುದ್ರ ಈಗಿರುವ ಜಾಗದಲ್ಲಿ ಮೊದಲು ಇರಲಿಲ್ಲ. ಎರಡು ಗಜ ಆಚೆಗಿತ್ತು. ಅದನ್ನು ಈಚೆಗೆ ಎಳೆದು ತಂದವನು ನಾನು. ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಮುಗಿಸಿ, ನಾಲ್ಕಡಿ ಉದ್ದದ ಫೋಮ್ ಹಲಗೆಗೆ ಮೋಟಾರು ಕಟ್ಟಿ ಎಳೆದೆ. ನಂಬಿಕೆ ಇಲ್ಲದವರು ಟೇಪು ಹಿಡಿದು ಹೋಗಿ ನೋಡಬಹುದು. ನಮ್ಮ ಭಾವ ಹಾಗೇ ಹೋಗಿ ನೋಡಿಕೊಂಡು ಬಂದರು. ಅವರ ಮಾತು ಬಿಡಿ. ಅಕ್ಕನ ಗಂಡ, ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿಗೆ ಮುದ್ರೆ ಒತ್ತುವುದು ಅವರ ಕೆಲಸ. ಮದುವೆಯ ಫೋಟೋದಲ್ಲೂ ಅವರ ಕೋಟಿನ ಜೇಬಿನಿಂದ ಟೇಪಿನ ನಾಲಿಗೆ ಇಣುಕುತ್ತಿದೆ.

ನನ್ನ ಕಸುಬು ಪಂಪಿನ ಮೋಟಾರು ರಿವೈಂಡಿಂಗ್. ಸುಟ್ಟು ಕರಕಲಾದ ಮೋಟಾರು ತಂದುಕೊಡುತ್ತಾರೆ. ಹೊಟ್ಟೆ ಬಿಚ್ಚಿ, ಕಪ್ಪಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಕುಡಿಸಿ, ಒಲೆಯಲ್ಲಿ ಒಣಗಿಸಿ ಕಳಿಸುತ್ತೇನೆ. ಇದುವರೆಗೆ ನಾನು ಸುತ್ತಿದ ತಂತಿಯನ್ನೆಲ್ಲ ಬಿಚ್ಚಿ ಎಳೆದರೆ ಭೂಮಿಗೆ ನಲವತ್ತು ಸುತ್ತು ಹಾಕಿ ಕೊನೆಯಲ್ಲಿ ಗಂಟು ಹಾಕಲೂ ಒಂದಿಷ್ಟು ಉಳಿಯುತ್ತದೆ. ಮನೆಯವರು ನನಗೆ ಇಟ್ಟ ಅಡ್ಡಹೆಸರು ಗುಣಾಕಾರ. ನಾನು ಏನು ಹೇಳಿದರೂ ಹತ್ತರಿಂದ ಭಾಗಿಸಿ ಕೇಳಿಸಿಕೊಳ್ಳಬೇಕು ಎಂಬುದು ನಮ್ಮ ಮನೆಯ ಕಾನೂನು. ದೊಡ್ಡ ಮನಸ್ಸಿನವರ ಮಾತನ್ನು ಅಳೆಯಲು ಸಣ್ಣ ಸೇರು ಹಿಡಿದು ಕೂತಿದ್ದಾರೆ, ಏನು ಮಾಡುವುದು.

ನನ್ನ ಅಂಗಡಿಯ ಪಕ್ಕದ ಬಾಗಿಲು ಅಕ್ಕನ ಡ್ರೈವಿಂಗ್ ಸ್ಕೂಲು. ಇಪ್ಪತ್ತೆರಡು ವರ್ಷದಿಂದ ಊರಿನವರಿಗೆ ಕಾರು ಕಲಿಸುತ್ತಿದ್ದಾಳೆ. ಅವಳ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಅವಳ ಕಾಲ ಕೆಳಗೆ ಇನ್ನೊಂದು. ಆ ಅಭ್ಯಾಸ ಎಷ್ಟು ಬೇರೂರಿದೆಯೆಂದರೆ, ಬೇರೆಯವರ ಕಾರಿನಲ್ಲಿ ಕೂತಾಗಲೂ ತಿರುವು ಬಂದರೆ ಅವಳ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಟಿವಿಯಲ್ಲಿ ಯಾರಾದರೂ ಜೋರಾಗಿ ಕಾರು ಓಡಿಸಿದರೆ ಸೋಫಾದ ಕಾಲು ಮುರಿಯುವ ಹಾಗೆ ಒತ್ತುತ್ತಾಳೆ. ಮೂರು ಸೋಫಾ ಮುರಿದಿವೆ.

ಇಂಥ ಹೆಂಗಸು ನಲವತ್ತಮೂರನೇ ವಯಸ್ಸಿಗೆ ಫಾಯಿಲ್ ಸರ್ಫಿಂಗ್ ಕಲಿತಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾಮೂಲಿ ಹಲಗೆ ಅಲೆಯ ಮೇಲೆ ಜಾರುತ್ತದೆ. ಫಾಯಿಲ್ ಹಲಗೆಯ ಹೊಟ್ಟೆಯ ಕೆಳಗೆ ಎರಡೂವರೆ ಅಡಿಯ ಒಂದು ಕಂಬ, ಕಂಬದ ತುದಿಗೆ ಪುಟ್ಟ ವಿಮಾನದ ಹಾಗೆ ರೆಕ್ಕೆಗಳು. ವೇಗ ಸಿಕ್ಕಿತೆಂದರೆ ರೆಕ್ಕೆ ನೀರೊಳಗೇ ಹಾರುತ್ತದೆ, ಹಲಗೆ ನೀರು ಬಿಟ್ಟು ಮೇಲೇಳುತ್ತದೆ, ನಿಂತವರು ಗಾಳಿಯಲ್ಲಿ ತೇಲುತ್ತಾರೆ. ಒಡೆಯದ ಅಲೆ ಸಾಕು, ಬರೀ ಉಬ್ಬು ಸಾಕು. ಅಕ್ಕ ಅದರ ಮೇಲೆ ಹೋಗುವಾಗ ಮೀನುಗಳು ತಲೆ ಎತ್ತಿ ನೋಡಿ ಕತ್ತು ಉಳುಕಿಸಿಕೊಳ್ಳುತ್ತಿದ್ದವು.

ಆಮೇಲೆ ಬಲಭುಜ ಕೈಕೊಟ್ಟಿತು. ಆಪರೇಷನ್ ಆಯಿತು. ಕಾರು ಓಡಿಸಬಹುದು, ಗೇರು ಹಾಕಬಹುದು, ಕಲಿಯಲು ಬಂದವರ ತಲೆಗೆ ಮೊಟಕಬಹುದು. ಆದರೆ ಕೈಯನ್ನು ಹೆಗಲಿಗಿಂತ ಮೇಲೆತ್ತಿ ನೀರು ತಳ್ಳುವಂತಿಲ್ಲ ಎಂದರು ಮೂಳೆ ಡಾಕ್ಟರು. ಹಲಗೆಯ ಮೇಲೆ ಬೋರಲು ಮಲಗಿ ಎರಡೂ ಕೈಯಿಂದ ನೀರು ತಳ್ಳದೆ ಅಲೆ ಏಳುವ ಜಾಗಕ್ಕೆ ಹೋಗುವುದು ಹೇಗೆ? ಹಾಗಾಗಿ ಎರಡು ವರ್ಷದಿಂದ ಆ ಹಲಗೆ ಡ್ರೈವಿಂಗ್ ಸ್ಕೂಲಿನ ಗೋಡೆಯ ಮೇಲೆ, ಟ್ರಾಫಿಕ್ ಚಿಹ್ನೆಗಳ ಚಾರ್ಟಿನ ಪಕ್ಕ ನೇತಾಡುತ್ತಿತ್ತು. ಇದು ಯಾವ ಸಿಗ್ನಲ್ಲು ಮೇಡಂ ಎಂದು ಕೇಳಿದವರೂ ಇದ್ದಾರೆ.

ಒಂದು ದಿನ ನಾನು ಬೋಲ್ಟು ಬೇಕೆಂದು ಹೋದಾಗ ಅಕ್ಕ ಸ್ಟೂಲು ಹತ್ತಿ ಹಲಗೆ ಒರೆಸುತ್ತಿದ್ದಳು.

“ಏನಕ್ಕ, ಸ್ನಾನ ಮಾಡಿಸ್ತಿದ್ದೀಯ?”

“ಬರೋ ತಿಂಗಳು ಮೊದಲ ಭಾನುವಾರ ಹಲ್ಲಿನ ಡಾಕ್ಟ್ರು ಬಂದು ತಗೊಂಡು ಹೋಗ್ತಾರೆ. ಅವರು ಹೊಸದಾಗಿ ಕಲೀತಾ ಇದ್ದಾರೆ.”

“ಮಾರಿಬಿಟ್ಯಾ?”

“ಮಾರೋದೇನು, ಕೊಡ್ತಿದ್ದೀನಿ. ಇಲ್ಲಿ ಧೂಳು ತಿಂತಾ ಕೂತಿರೋ ಬದಲು ಯಾರಾದ್ರೂ ಆಡ್ಲಿ ಬಿಡು.”

ಬಾಯಲ್ಲಿ ಬಿಡು ಎನ್ನುತ್ತಿದ್ದಳು, ಕೈ ಮಾತ್ರ ಒಂದೇ ಜಾಗವನ್ನು ಒರೆಸಿದ್ದೇ ಒರೆಸಿದ್ದು. ಬಣ್ಣ ಕಿತ್ತುಬಂದು ಆಚೆಯ ಗೋಡೆ ಕಾಣುವಷ್ಟು ಒರೆಸಿದಳು. ಅಂಥ ಹೊತ್ತಿನಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ಹೊರಟುಬಿಡುತ್ತದೆ.

“ನಿನ್ನ ಕೈ ಯಾರಿಗೆ ಬೇಕು? ನಿನ್ನನ್ನ ಎಳ್ಕೊಂಡು ಹೋಗೋ ಮೆಷಿನ್ ಮಾಡ್ತೀನಿ. ಮುಂದೆ ಒಂದು ಸಣ್ಣ ಹಲಗೆ, ಅದಕ್ಕೆ ಮೋಟಾರು, ಹಿಂದೆ ಹಗ್ಗ, ಹಗ್ಗದ ತುದೀಲಿ ನೀನು. ಅಲೆ ಸಿಕ್ಕಿದ ಮೇಲೆ ಹಗ್ಗ ಬಿಡು, ಹಾರು. ಗಂಟೆಗೆ ನೂರು ಕಿಲೋಮೀಟರ್!”

“ಹತ್ತು,” ಎಂದಳು ಅಕ್ಕ, ತಿರುಗದೆ.

“ಹತ್ತೇ ಅಂದ್ಕೊ. ಹತ್ತು ಸಾಲದಾ?”

ಆಗ ತಿರುಗಿದಳು. ಸ್ಟೂಲಿನಿಂದ ಇಳಿದಳು. ಒರೆಸುವ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. “ನೋಡು, ನನಗೆ ಆಸೆ ಹುಟ್ಟಿಸಿ ಆಮೇಲೆ ಹಲ್ಲು ಕಿರೀಬೇಡ. ಆ ಭಾನುವಾರದ ಒಳಗೆ ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಕೊಟ್ಟ ಮಾತು ಮಾತೇ. ಇನ್ನೊಂದು. ಬ್ರೇಕು ನನ್ನ ಕಡೆ ಇರ್ಬೇಕು.”

“ನೀರಲ್ಲಿ ಎಂಥ ಬ್ರೇಕು?”

“ನಾನು ಕೈ ಬಿಟ್ರೆ ಅದು ನಿಲ್ಬೇಕು. ಅಷ್ಟೇ. ಒಂದು ಕೈಯವಳು ನಾನು. ಬಿದ್ದಾಗ ಅದು ನನ್ನನ್ನ ಬಿಟ್ಟು ಓಡಿಹೋದ್ರೆ ಈಜ್ಕೊಂಡು ವಾಪಸ್ ಬರೋಕಾಗಲ್ಲ.”

“ನಿಲ್ಲುತ್ತೆ. ನೀನು ಬಟನ್ ಬಿಡಬೇಕು ಅಂತ ಯೋಚ್ನೆ ಮಾಡಿದ್ರೆ ಸಾಕು, ನಿಲ್ಲುತ್ತೆ.”

ಹದಿನೇಳು ದಿನ ನಾನು ನಿದ್ದೆ ಮಾಡಲಿಲ್ಲ. ಭಾವನ ಲೆಕ್ಕದಲ್ಲಿ ಒಂದು ರಾತ್ರಿ, ಅದೂ ಸೊಳ್ಳೆ ಕಾಟಕ್ಕೆ. ಇರಲಿ.

ಹಲಗೆ ಎಂದರೆ ಮಕ್ಕಳು ಹೊಟ್ಟೆಯ ಮೇಲೆ ಮಲಗಿ ಆಡುವ ಫೋಮ್ ಹಲಗೆ. ಅದರ ಬೆನ್ನು ಕೊರೆದು ಗುಂಡಿ ಮಾಡಿದೆ. ಗುಂಡಿಯೊಳಗೆ ರಬ್ಬರ್ ಅಂಚಿನ ಮುಚ್ಚಳವಿರುವ ಅಡುಗೆಮನೆಯ ಡಬ್ಬಿ, ಡಬ್ಬಿಯೊಳಗೆ ಅಪಘಾತದಲ್ಲಿ ಮುಖ ಜಜ್ಜಿಕೊಂಡ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಮೋಟಾರಿನ ಜಾತಕ ಮಾತ್ರ ನನಗೆ ಗೊತ್ತಿದ್ದದ್ದು: ಸೋಲಾರಿನಿಂದ ಓಡುವ, ಬಾವಿಯೊಳಗೆ ಮುಳುಗಿ ಕೂರುವ ಸಣ್ಣ ಪಂಪಿನ ಮೋಟಾರು. ನೀರಿನಲ್ಲೇ ಹುಟ್ಟಿ ಬೆಳೆದದ್ದು, ಹೆದರಿಕೆಯಿಲ್ಲ. ಅದರ ತೆಳು ತಂತಿ ಕಿತ್ತು, ದಪ್ಪ ತಂತಿ ಸುತ್ತಿ, ಸ್ಕೂಟರಿನ ಬ್ಯಾಟರಿಗೆ ಹೊಂದಿಸಿದೆ. ಮೂಗಿಗೆ ಹಳೆಯ ದೋಣಿಯ ಮೂರೆಲೆಯ ಪಂಖ. ಹಲಗೆಯ ಹಿಂಬದಿಗೆ, ನೇರ ಓಡಲೆಂದು, ಮೀನಿನ ಬಾಲದಂಥ ಒಂದು ರೆಕ್ಕೆ. ಪಂಖಕ್ಕೆ ಅಕ್ಕನ ಕಾಲು ಸಿಗಬಾರದೆಂದು ಸುತ್ತ ಒಂದು ಅಲ್ಯೂಮಿನಿಯಂ ಬಳೆ. ದೊಡ್ಡ ಪಾತ್ರೆಯೊಂದರ ಬಾಯಿ ಕತ್ತರಿಸಿ ಮಾಡಿದ್ದು. ಯಾವ ಪಾತ್ರೆ ಎಂದು ನನ್ನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ.

ಭಾವ ಪ್ರತಿ ಸಂಜೆ ಆಫೀಸಿನಿಂದ ನೇರ ನನ್ನ ಅಂಗಡಿಗೆ ಬರುತ್ತಿದ್ದರು. ಚೀಲ ಕೆಳಗಿಟ್ಟು, ಆ ದಿನ ನಾನು ಜೋಡಿಸಿದ್ದನ್ನೆಲ್ಲ ಮತ್ತೆ ಬಿಚ್ಚಿಸಿ ತೂಗುತ್ತಿದ್ದರು.

“ಇಪ್ಪತ್ತೊಂದು ಕೆಜಿ ನಾನೂರು ಗ್ರಾಂ,” ಎಂದರು ಕೊನೆಯ ದಿನ.

“ಏನ್ ಭಾವ, ಗರಿ ಇದ್ದ ಹಾಗಿದೆ. ಒಂದು ಬೆರಳಲ್ಲಿ ಎತ್ತಬಹುದು.”

“ಎತ್ತಯ್ಯಾ ನೋಡೋಣ.”

“ಈಗ ಬೆರಳಿಗೆ ವಾರ್ನಿಷ್ ಆಗಿದೆ.”

ಭಾವನ ಮುಖದಲ್ಲಿ ನಗು ಬರುವುದು ಗ್ರಾಂ ಲೆಕ್ಕದಲ್ಲಿ. ಅಂದು ಸುಮಾರು ಐದು ಗ್ರಾಂ ಬಂತು. ಹಲಗೆಯ ಮೂಗಿನ ಮೇಲೆ ಬಿಳಿ ಚೀಟಿ ಅಂಟಿಸಿ, ತೂಕ ಬರೆದು, ತಾರೀಕು ಹಾಕಿ, ಸಹಿ ಮಾಡಿದರು. ಅದಕ್ಕೆ ಹೆಸರಿಟ್ಟವಳು ಅಕ್ಕ. ಮುಂದೆ ಮುಂದೆ ಓಡುತ್ತ, ಹಿಂದೆ ಹಗ್ಗ ಹಿಡಿದವರನ್ನು ಎಳೆದಾಡುವ ಪ್ರಾಣಿ ಯಾವುದು? “ನಾಯಿ,” ಎಂದಳು. ಅಂದಿನಿಂದ ಅದು ನಾಯಿ. “ನಾಯಿಗೆ ಬ್ಯಾಟರಿ ಹಾಕಿದ್ಯಾ?” “ನಾಯಿ ಒಣಗ್ತಾ?” ಎಂದೆಲ್ಲ ಮಾತು ಕೇಳಿ, ಪಕ್ಕದ ಜೆರಾಕ್ಸ್ ಅಂಗಡಿಯವನು ನಮ್ಮ ಮನೆಯವರ ಜೊತೆ ಒಂದು ವಾರ ಮಾತಾಡಲಿಲ್ಲ.

ಉಳಿದದ್ದು ರಿಮೋಟು. ತೋಟದ ಪಂಪನ್ನು ದೂರದಿಂದ ಚಾಲೂ ಮಾಡುವ ರಿಮೋಟು ನನ್ನ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ. ಒಂದನ್ನು ಬಿಚ್ಚಿ, ಬೇಡದ ಬಟನ್ನು ಕಿತ್ತು, ಒಂದೇ ಬಟನ್ನು ಉಳಿಸಿ, ಅಕ್ಕನ ಬಲಗೈ ಮಣಿಕಟ್ಟಿಗೆ ಕಟ್ಟುವ ಹಾಗೆ ಪಟ್ಟಿ ಹಾಕಿದೆ. ಎಡಗೈಯಲ್ಲಿ ಹಗ್ಗದ ಹಿಡಿ. ಬಲಗೈ ತೊಡೆಯ ಪಕ್ಕ ಇಳಿಬಿಟ್ಟರೆ ಸಾಕು, ಹೆಬ್ಬೆಟ್ಟು ಬಟನ್ನಿನ ಮೇಲೆ. ಭುಜಕ್ಕೆ ಏನೂ ಕೆಲಸವಿಲ್ಲ. ಹಲಗೆಯ ಒಳಗಿನ ವೈರಿಂಗನ್ನೆಲ್ಲ ನೀರು ಹೋಗದಂತೆ ರೆಸಿನ್ ಎಂಬ ಅಂಟು ಸುರಿದು ಮುಚ್ಚಿದೆ. ರೆಸಿನ್ ಗಟ್ಟಿಯಾದರೆ ಕಲ್ಲು. ಉಳಿಯಿಂದ ಒಡೆದೇ ತೆಗೆಯಬೇಕು. ಶನಿವಾರ ಪಂಪು ಪರೀಕ್ಷಿಸುವ ಸಿಮೆಂಟು ತೊಟ್ಟಿಯಲ್ಲಿ ಬಿಟ್ಟು ನೋಡಿದೆ. ನಾಯಿ ತೊಟ್ಟಿಯ ನೀರನ್ನೆಲ್ಲ ಹೊರಗೆ ಚೆಲ್ಲಿ, ಅಂಗಡಿ ತೊಳೆದು, ಎದುರಿನ ಸೈಕಲ್ ಅಂಗಡಿಯನ್ನೂ ತೊಳೆಯಿತು.

ಭಾನುವಾರ ಬಂತು. ಸಣ್ಣ ಗಾಳಿ, ನೀಲಿ ನೀರು, ದೂರದಲ್ಲಿ ಕಪ್ಪು ಬಂಡೆಗಳ ಸಾಲು, ಈಚೆಗೆ ಉದ್ದುದ್ದ ಉಬ್ಬುಗಳು ಒಂದರ ಹಿಂದೊಂದು. ದಡದಲ್ಲಿ ಹತ್ತು ಸಾವಿರ ಜನ ಸೇರಿದ್ದರು. ಭಾವ ಎಣಿಸಿದ್ದು ಮೂವತ್ತನಾಲ್ಕು, ಅದರಲ್ಲಿ ಆರು ಮಂದಿ ವಾಕಿಂಗ್ ಬಂದವರು. ಹಲ್ಲಿನ ಡಾಕ್ಟರು ಕಾರಿನ ತಲೆಗೆ ಹಗ್ಗ, ಸ್ಪಂಜು ಎಲ್ಲ ಸಿದ್ಧಮಾಡಿಕೊಂಡು ಬಂದಿದ್ದರು. ತೆಳ್ಳಗಿನ ಮನುಷ್ಯ, ದಿನವಿಡೀ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮಾತಾಡಿ ಅಭ್ಯಾಸವಾಗಿ, ಬಟ್ಟೆ ಇಲ್ಲದಾಗಲೂ ಗುಸುಗುಸು ದನಿ. ದಡದ ಕಾವಲುಗಾರನೂ ಇದ್ದ. ಊರೆಲ್ಲ ಅವನನ್ನು ಸೀಟಿ ಎಂದೇ ಕರೆಯುವುದು. ಬಾಯಲ್ಲಿ ಸದಾ ಸೀಟಿ. ಮಾತಿನ ನಡುವೆ ಉಸಿರು ಬಿಟ್ಟರೂ ಪೀಂಯ್ ಎನ್ನುತ್ತದೆ.

ಅಕ್ಕ ತೇಲುವ ಜಾಕೆಟ್ಟು ತೊಟ್ಟು, ಹಲಗೆ ತಪ್ಪಿಹೋಗದಂತೆ ಅದರ ಹುರಿಯನ್ನು ಕಾಲಿಗೆ ಕಟ್ಟಿಕೊಂಡು ನೀರಿನ ಅಂಚಿನಲ್ಲಿ ನಿಂತಳು. ಎರಡು ವರ್ಷದ ಮೇಲೆ. ಮುಖ ಕೆಂಪಗಾಗಿತ್ತು. ಕಾಲು ಮರಳನ್ನು ಒತ್ತುತ್ತಿತ್ತು, ಬ್ರೇಕು ಒತ್ತಿದ ಹಾಗೆ.

“ಒಂದೇ ಒಂದು ಕೇಳ್ತೀನಿ,” ಎಂದಳು ಮೆಲ್ಲಗೆ. “ಗುಣಾಕಾರ ಬೇಡ. ಬಟನ್ ಬಿಟ್ರೆ ನಿಲ್ಲುತ್ತಾ?”

“ನಿಂತ ಜಾಗದಲ್ಲಿ ಬೇರು ಬಿಡುತ್ತೆ.”

“ಗುಣಾಕಾರ ಬೇಡ ಅಂದೆ.”

“ನಿಲ್ಲುತ್ತಕ್ಕ.”

ಅಕ್ಕ ತಲೆಯಾಡಿಸಿ ನೀರಿಗಿಳಿದಳು. ಸೊಂಟದ ಮಟ್ಟಕ್ಕೆ ಹೋಗಿ ಬೋರಲು ಮಲಗಿದಳು. ಹೆಬ್ಬೆಟ್ಟು ಒತ್ತಿದಳು.

ನಾಯಿ ಒಂದು ಸಲ ಗುರ್ ಎಂದಿತು. ಹಗ್ಗ ಬಿಗಿಯಿತು. ಅಕ್ಕನ ಹಲಗೆಯ ಮೂಗು ನೀರು ಸೀಳಿತು. ಒಂದು ಮಂಡಿ, ಇನ್ನೊಂದು ಮಂಡಿ, ಎದ್ದು ನಿಂತಳು! ಆಮೇಲೆ ಯಾರೋ ಕೆಳಗಿನಿಂದ ಅಂಗೈಯಲ್ಲಿ ಎತ್ತಿದ ಹಾಗೆ ಹಲಗೆ ನೀರನ್ನು ಬಿಟ್ಟಿತು. ಒಂದು ಗೇಣು, ಎರಡು ಗೇಣು. ಬುಡದಲ್ಲಿ ಕಂಬವೊಂದು ಸಣ್ಣಗೆ ಗೆರೆ ಕೊರೆಯುತ್ತಿದ್ದದ್ದು ಬಿಟ್ಟರೆ ಅಕ್ಕನಿಗೂ ಸಮುದ್ರಕ್ಕೂ ಸಂಬಂಧವೇ ಇರಲಿಲ್ಲ. ನಾನು ಕುಣಿದೆ. ಸೀಟಿ ಸೀಟಿ ಊದಿದ. ಡಾಕ್ಟರು ಗುಸುಗುಸು ದನಿಯಲ್ಲೇ ಕಿರುಚಿದರು. ಆ ಎಳೆತಕ್ಕೆ ಸಮುದ್ರ ಎರಡು ಗಜ ಸರಿದದ್ದು ಆಗಲೇ. ನನ್ನ ಚಪ್ಪಲಿ ಒದ್ದೆಯಾಯಿತು, ಅದಕ್ಕಿಂತ ಸಾಕ್ಷಿ ಬೇಕೆ?

“ವೇಗ ನೋಡಿ ಭಾವ! ಎಂಬತ್ತು!”

“ಹದಿನಾರು,” ಎಂದರು ಭಾವ, ಗಡಿಯಾರ ನೋಡುತ್ತ. ಮರುಗಳಿಗೆ ನನ್ನ ಹೆಗಲು ಹಿಡಿದು ಕುಲುಕಿದರು. “ಹದಿನಾರು ಕಣಯ್ಯಾ! ಹದಿನಾರು!”

ಅಷ್ಟರಲ್ಲಿ ಅಡ್ಡದಿಂದ ಒಂದು ಉಬ್ಬು ಬಂತು. ಅಕ್ಕ ಹೆಬ್ಬೆಟ್ಟು ಎತ್ತಿದ್ದು ದಡಕ್ಕೇ ಕಂಡಿತು. ಕೈಯನ್ನು ಅಗಲಕ್ಕೆ ಚಾಚಿ, ಐದೂ ಬೆರಳು ಬಿಡಿಸಿದ್ದಳು. ನಾಯಿ ನಿಲ್ಲಲಿಲ್ಲ. ಎಳೆದೇ ಎಳೆಯಿತು. ಅಕ್ಕ ಓಲಾಡಿದಳು, ಹಗ್ಗ ಕೈತಪ್ಪಿತು, ಬೆನ್ನಡಿಯಾಗಿ ನೀರಿಗೆ ಬಿದ್ದಳು.

ನಾಯಿ ಹಗ್ಗವನ್ನು ಬಾಲದ ಹಾಗೆ ಎಳೆದುಕೊಂಡು ಓಡಿತು.

“ನಾಯಿ ಓಡಿಹೋಯ್ತು!” ಎಂದು ಭಾವ ಕೂಗಿದರು. ವಾಕಿಂಗ್ ಬಂದವರು ಗಾಬರಿಯಾಗಿ ತಮ್ಮ ತಮ್ಮ ಕಾಲ ಬುಡ ನೋಡಿಕೊಂಡರು.

ಅಕ್ಕ ಅರವತ್ತು ಮೀಟರು ಆಚೆ ಹಲಗೆ ತಬ್ಬಿಕೊಂಡು ತೇಲುತ್ತಿದ್ದಾಳೆ, ಒಂದು ಕೈಯಲ್ಲಿ ನೀರು ತಳ್ಳಿ ತಿರುಗಿದಲ್ಲೇ ತಿರುಗುತ್ತಿದ್ದಾಳೆ. ಸೀಟಿ ತೇಲುವ ಟ್ಯೂಬು ಎತ್ತಿಕೊಂಡು ನೀರಿಗೆ ಓಡಿದ. ಆಗ ಭಾವ ಅವನ ತೋಳು ಹಿಡಿದರು.

“ತಾಳಪ್ಪಾ. ನೋಡಲ್ಲಿ. ಎಡಕ್ಕೆ ಎಳೀತಿದೆ. ಹಿಂದಿನ ರೆಕ್ಕೆ ಸೊಟ್ಟ ಕೂತಿದೆ, ಎರಡು ಡಿಗ್ರಿ. ಸುತ್ತು ಹಾಕಿ ಅವಳ ಹತ್ರಾನೇ ಬರುತ್ತೆ.”

ನಿಜವಾಗಿ ನಾಯಿ ಬಾಗುತ್ತಿತ್ತು. ಬಾಗಿ ಬಾಗಿ, ಬಂಡೆಯ ಕಡೆ ಮುಖ ಮಾಡಿದ್ದು ದಡದ ಕಡೆ ತಿರುಗಿ, ದಡದ ಕಡೆಯಿಂದ ಅಕ್ಕನ ಕಡೆ ತಿರುಗಿ, ವಿಳಾಸ ಹುಡುಕಿಕೊಂಡು ಬರುವ ಪೋಸ್ಟ್‌ಮ್ಯಾನಿನ ಹಾಗೆ ನೇರ ಅವಳ ಪಕ್ಕದಲ್ಲೇ ಹಾದುಹೋಯಿತು! ಅಕ್ಕ ಹಗ್ಗಕ್ಕೆ ಕೈ ಚಾಚಿದಳು, ಸಿಗಲಿಲ್ಲ. ನಾಯಿ ಇನ್ನೊಂದು ಸುತ್ತು ಹಾಕಿತು. ಹಿಡಿ ಅವಳ ಬೆರಳಿಗೆ ತಾಗಿ ಜಾರಿತು. ದಡದಲ್ಲಿ ಅಯ್ಯೋ ಎಂದು ಒಂದೇ ಉಸಿರು. ಮೂರನೇ ಸುತ್ತಿಗೆ ಅಕ್ಕ ಬೋರಲು ಮಲಗಿ ಎಡಗೈ ಕೊಕ್ಕೆ ಮಾಡಿಕೊಂಡು ಕಾದಿದ್ದಳು. ಸಿಕ್ಕಿತು! ಝರ್ರನೆ ಎಳೆಯಿತು, ಮಂಡಿಯೂರಿದಳು, ನಿಂತಳು, ಏರಿದಳು. ಅವಳ ಭಾರಕ್ಕೆ ನಾಯಿ ನೆಟ್ಟಗಾಯಿತು. ಉಬ್ಬು ಏಳುವ ಜಾಗಕ್ಕೆ ಹೋಗಿ, ದೊಡ್ಡದೊಂದನ್ನು ಆರಿಸಿ, ತಿರುಗಿ, ಹಗ್ಗವನ್ನು ಬಿಸಾಕಿದಳು.

ಇನ್ನು ಎಳೆಯುವವರಿಲ್ಲ, ತಳ್ಳುವವರಿಲ್ಲ. ನೀರಿನ ಉಬ್ಬೊಂದು ಸುಮ್ಮನೆ ದಡಕ್ಕೆ ನಡೆದು ಬರುತ್ತಿತ್ತು, ಅದರ ಭುಜದ ಮೇಲೆ ನಮ್ಮ ಅಕ್ಕ. ಮಂಡಿ ಮಡಿಸಿ, ಬಿಡಿಸಿ, ಎಡಕ್ಕೆ ಒಲೆದು, ಬಲಕ್ಕೆ ಒಲೆದು ಬಂದಳು. ಮೇಲೆತ್ತಬಾರದ ಕೈಯನ್ನು ಇಳಿಬಿಟ್ಟುಕೊಂಡೇ ಬಂದಳು. ಬಾಯಿ ಇಷ್ಟಗಲ ತೆರೆದಿತ್ತು. ಏನೋ ಕೂಗುತ್ತಿದ್ದಳು. ಹತ್ತಿರ ಬಂದಾಗ ತಿಳಿಯಿತು, “ಹೋ” ಎಂದು ಮಾತ್ರ, ಚಿಕ್ಕವಳಿದ್ದಾಗ ನಮ್ಮ ಅಪ್ಪನ ಸೈಕಲ್ಲಿನ ಮೇಲೆ ಇಳಿಜಾರಿನಲ್ಲಿ ಕೂಗುತ್ತಿದ್ದ ಹಾಗೆ. ಆ ಸವಾರಿ ಒಂದು ಗಂಟೆ ನಡೆಯಿತು. ಭಾವನ ಗಡಿಯಾರದಲ್ಲಿ ಇಪ್ಪತ್ತಾರು ಸೆಕೆಂಡು. ಆ ಗಡಿಯಾರವನ್ನು ರಿಪೇರಿಗೆ ಕೊಡಬೇಕು ಎಂದು ಅಂದಿನಿಂದ ಹೇಳುತ್ತಿದ್ದೇನೆ.

ನಾಯಿಯನ್ನು ಹಿಡಿದವರೂ ಭಾವನೇ. ಅದು ಸುತ್ತು ಹಾಕುತ್ತ ಮಂಡಿಯುದ್ದ ನೀರಿಗೆ ಬಂದದ್ದೇ, ಇಸ್ತ್ರಿ ಪ್ಯಾಂಟಿನಲ್ಲಿ ನುಗ್ಗಿ ಅದರ ಮೇಲೆ ಕೂತುಬಿಟ್ಟರು. ಅದು ಅವರನ್ನೂ ಹೊತ್ತು ನಡೆಯಿತು. ಸರ್ಕಾರಿ ಇನ್ಸ್‌ಪೆಕ್ಟರೊಬ್ಬರು ನೆಟ್ಟಗೆ ಕೂತು, ಗಂಭೀರ ಮುಖದಲ್ಲಿ, ಸಮುದ್ರದ ಅಂಚಿನಲ್ಲಿ ಮೆರವಣಿಗೆ ಹೋಗುವುದನ್ನು ಮೂವತ್ತನಾಲ್ಕು ಜನ ನೋಡಿದರು. ಮುಚ್ಚಳ ತೆಗೆದು ಪ್ಲಗ್ಗು ಕಿತ್ತ ಮೇಲೆ ಎದ್ದು, “ನನ್ನ ಸವಾರಿ ಮೂರು ಮೀಟರ್ ನಲವತ್ತು,” ಎಂದರು. ನಗು ಈ ಸಲ ಕೆಜಿಗಟ್ಟಲೆ ಬಂತು.

ಅಕ್ಕ ಓಡಿ ಬಂದಳು. ಕೂದಲಿಂದ ನೀರು, ಕಣ್ಣಿಂದ ನೀರು. ನನ್ನ ಎರಡೂ ಕೆನ್ನೆ ಹಿಡಿದು ಜಗ್ಗಿದಳು. “ಲೋ! ಲೋ! ನೋಡಿದ್ಯೇನೋ!” ಆಮೇಲೆ ಉಸಿರು ಹಿಡಿದು, “ಆದ್ರೆ ಬಟನ್ ಬಿಟ್ಟೆನಲ್ಲೋ. ನಿಲ್ಲಲಿಲ್ಲ?”

ಎಲ್ಲರೂ ನನ್ನ ಮುಖ ನೋಡಿದರು. ಬಾಯಿ ಹೊರಟೇಬಿಟ್ಟಿತು.

“ನಿಲ್ಲಬಾರದು ಅಂತಲೇ ಮಾಡಿದ್ದು! ನಿಂತ್ರೆ ನಿನ್ನ ಹತ್ರ ವಾಪಸ್ ಬರೋದು ಹೇಗೆ? ಸವಾರ ಬಿದ್ದ ತಕ್ಷಣ ತಾನೇ ಸುತ್ತು ಹಾಕಿ ಹುಡುಕ್ಕೊಂಡು ಬರುತ್ತೆ. ಆಟೋಮ್ಯಾಟಿಕ್ ವಾಪಸಾತಿ. ರೆಕ್ಕೆ ಸೊಟ್ಟ ಅಂದ್ರಲ್ಲ ಭಾವ, ಅದು ಸೊಟ್ಟ ಅಲ್ಲ, ಲೆಕ್ಕ. ಹನ್ನೊಂದು ದಿನ ಕೂತು ಹಾಕಿದ ಲೆಕ್ಕ. ನಿಂಗೆ ಮೊದಲೇ ಹೇಳಿದ್ರೆ ಮಜಾ ಇರ್ತಿರ್ಲಿಲ್ಲ ಅಂತ ಹೇಳಲಿಲ್ಲ.”

“ಪೀಂಯ್,” ಎಂದ ಸೀಟಿ, ಬಾಯಿ ಬಿಟ್ಟುಕೊಂಡು. “ಇಂಥದ್ದು ನಮಗೂ ಒಂದು ಮಾಡ್ಕೊಡಿ ಅಣ್ಣಾ. ಮುಳುಗೋರ ಹತ್ರ ಹಗ್ಗ ತಾನೇ ಹೋಗುತ್ತಲ್ಲ. ಹೀಗೇ ಇರ್ಲಿ, ಏನೂ ಬದಲಾಯಿಸಬೇಡಿ.”

ಡಾಕ್ಟರು ತಮ್ಮ ಕಾರಿನ ಹಗ್ಗ ಬಿಚ್ಚತೊಡಗಿದರು. “ಈ ಹಲಗೆ ನನಗೆ ಬೇಡಮ್ಮಾ. ಅದು ಯಾರದು ಅಂತ ಈಗ ನೋಡಿದ್ನಲ್ಲ.”

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. “ನಿಜವಾಗ್ಲೂ?” ಎಂದಳು. “ನೀನು ಯೋಚ್ನೆ ಮಾಡಿ ಮಾಡಿದ್ದಾ ಇದು?”

ಹುಟ್ಟಿದಾರಭ್ಯ ಅವಳು ನನ್ನ ಮಾತನ್ನು ಭಾಗಿಸದೆ ಕೇಳಿಸಿಕೊಂಡದ್ದು ಅದೇ ಮೊದಲು. ಆ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಹೌದು ಎಂದೆ.

“ಹಾಗಾದ್ರೆ ಇನ್ನೊಂದು ಸಲ! ಪ್ಲಗ್ಗು ಹಾಕ್ರೀ,” ಎಂದು ಭಾವನಿಗೆ ಹೇಳಿದಳು. “ಈ ಸಲ ಬಂಡೆ ಆಚೆ ಹೋಗ್ತೀನಿ. ಅಲ್ಲಿ ಉಬ್ಬು ನೋಡು ಹೇಗಿದೆ! ಮೊದಲೆಲ್ಲ ಅಲ್ಲಿಗೇ ಹೋಗ್ತಿದ್ದೆ. ಸೆಳೆತ ಇದೆ ಅಂತ ಹೆದರಿಕೆ ಇತ್ತು, ಈಗೇನು, ಬಿದ್ರೂ ನಾಯಿ ಬರುತ್ತಲ್ಲ!”

ಭಾವ ಪ್ಲಗ್ಗು ಹಾಕಿದರು. ಮುಚ್ಚಳ ಒತ್ತಿದರು. ಅಕ್ಕ ಹಾಡು ಗುನುಗುತ್ತ ಹಗ್ಗದ ಹಿಡಿ ಹಿಡಿದು ನೀರಿಗೆ ಹೊರಟಳು. ಪಾದ ಮುಳುಗಿತು. ನಾನು ನಗುತ್ತಲೇ ಇದ್ದೆ. ಮಂಡಿ ಮುಳುಗಿತು. ಬಂಡೆಯ ಆಚೆ ನೀರು ಹೊರಗೆ, ನಡುಸಮುದ್ರದ ಕಡೆಗೆ ಹರಿಯುತ್ತದೆ. ಒಂದು ಕೈಯವಳು. ಸೊಂಟ ಮುಳುಗಿತು, ಬೋರಲು ಮಲಗಲು ಬಾಗಿದಳು, ಹೆಬ್ಬೆಟ್ಟು ಬಟನ್ನಿನ ಹತ್ತಿರ ಹೋಯಿತು.

“ಅಕ್ಕಾ, ನಿಲ್ಲೇ!”

ಬಟ್ಟೆ, ಚಪ್ಪಲಿ, ಜೇಬಿನ ಫೋನು ಎಲ್ಲದರ ಸಮೇತ ನುಗ್ಗಿದೆ. ಎದೆಮಟ್ಟ ನೀರಿನಲ್ಲಿ ಹಗ್ಗ ಹಿಡಿದುಕೊಂಡೆ.

“ಏನೋ ಆಯ್ತು?”

“ವಾಪಸಾತಿ ಇಲ್ಲ.”

“ಏನು?”

“ಅಂಥದ್ದೇನೂ ಇಲ್ಲ. ರೆಕ್ಕೆ ಸೊಟ್ಟ ಕೂತಿದ್ದು ಸೊಟ್ಟಕ್ಕೇ. ಕಣ್ಣಳತೇಲಿ ಕೂರಿಸಿದೆ. ನೀನಿದ್ದ ಕಡೆ ಬಂದಿದ್ದು ಅದೃಷ್ಟ. ಆ ಕಡೆ ಸೊಟ್ಟ ಇದ್ದಿದ್ರೆ ಬಂಡೆಗೆ ಹೋಗ್ತಿತ್ತು.”

ಅಕ್ಕ ಹೆಬ್ಬೆಟ್ಟು ತೆಗೆದಳು. ನಗು ಇನ್ನೂ ಮುಖದಲ್ಲೇ ಉಳಿದಿತ್ತು, ಇಳಿಯುವುದೋ ಬೇಡವೋ ಎಂದು ತಿಳಿಯದೆ. “ಮತ್ತೆ ಬಟನ್ ಬಿಟ್ರೆ ಯಾಕೆ ನಿಲ್ಲಲಿಲ್ಲ?”

“ಪಂಪಿನ ಸ್ಟಾರ್ಟರ್ ಇರುತ್ತಲ್ಲ, ಹಸಿರು ಗುಂಡಿ. ಒಂದು ಸಲ ಒತ್ತಿ ಬಿಟ್ರೆ ಓಡ್ತಾನೇ ಇರುತ್ತೆ, ಕೆಂಪು ಒತ್ತೋ ತನಕ. ಒಳಗೆ ಒಂದು ತಂತಿ ಅದನ್ನ ಹಿಡ್ಕೊಂಡಿರುತ್ತೆ. ಮೂವತ್ತು ವರ್ಷ ಅದನ್ನೇ ಕಟ್ಟಿದ ಕೈ, ಇದಕ್ಕೂ ಹಾಗೇ ಕಟ್ಟಿಬಿಟ್ಟಿದೆ. ಕೆಂಪು ಗುಂಡಿ ನಾನೇ ಕಿತ್ತು ಬಿಸಾಕಿದ್ದೀನಿ.”

“ಅಂದ್ರೆ ನಿಂಗೆ ಗೊತ್ತಿರ್ಲಿಲ್ಲ.”

ಇಲ್ಲಿ ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನೀರು ತಣ್ಣಗಿತ್ತು.

“ಗೊತ್ತಿತ್ತು. ನಿನ್ನೆ ತೊಟ್ಟೀಲಿ ಬಟನ್ ಬಿಟ್ರೂ ನಿಲ್ಲಲಿಲ್ಲ. ಪ್ಲಗ್ ಕಿತ್ತೆ. ಅಷ್ಟೊತ್ತಿಗೆ ರೆಸಿನ್ ಕಲ್ಲಾಗಿತ್ತು. ಒಡೆದು ಮತ್ತೆ ಕಟ್ಟೋಕೆ ಎರಡು ದಿನ ಬೇಕು, ಇದ್ದಿದ್ದು ಒಂದು ರಾತ್ರಿ. ಹೇಳಿದ್ರೆ ನೀನು ನೀರಿಗೆ ಇಳೀತಿರ್ಲಿಲ್ಲ, ಡಾಕ್ಟ್ರು ಹಲಗೆ ಕಟ್ಕೊಂಡು ಹೋಗಿಬಿಡ್ತಿದ್ರು. ನೀನು ಮತ್ತೆ ಕೇಳ್ತಿರ್ಲಿಲ್ಲ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ನೀನು ಕೇಳಿದಾಗ್ಲೂ ಸುಳ್ಳು ಹೇಳ್ದೆ.”

ಅಕ್ಕ ಹಗ್ಗದ ಹಿಡಿಯನ್ನು ನೀರಿಗೆ ಬಿಟ್ಟಳು. ಆಮೇಲೆ ಎಡಗೈಯಿಂದ ಸಮುದ್ರವನ್ನು ಬಾಚಿ ನನ್ನ ಮುಖಕ್ಕೆ ಒಂದು ಬಿಟ್ಟಳು. ಮತ್ತೊಂದು ಬಿಟ್ಟಳು. ಮೂರನೆಯದಕ್ಕೆ ಅವಳಿಗೇ ನಗು ತಡೆಯಲಾಗಲಿಲ್ಲ. “ಕತ್ತೆ! ಒಡಿ ಹೋಗು ಆ ರೆಸಿನ್ನು! ಎರಡು ದಿನ ಅಂದ್ಯಲ್ಲ, ಬುಧವಾರ ನನಗೆ ನಿಲ್ಲೋ ನಾಯಿ ಬೇಕು!” ಎಂದು ನನ್ನ ಕಿವಿ ಹಿಡಿದು ದಡಕ್ಕೆ ಎಳೆದುಕೊಂಡು ಬಂದಳು.

ದಡದಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸಿತ್ತು. ಸೀಟಿ ತನ್ನ ಟ್ಯೂಬನ್ನು ಬಿಗಿಯಾಗಿ ತಬ್ಬಿಕೊಂಡಿದ್ದ, ಅದನ್ನೇ ನಂಬುವುದು ಮೇಲು ಎನ್ನುವ ಹಾಗೆ. ಭಾವ ನಾಯಿಯ ಮೂಗಿನ ಮೇಲಿದ್ದ ತಮ್ಮ ಸಹಿಯ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು. ಹಲ್ಲಿನ ಡಾಕ್ಟರು ಮಾತ್ರ ಹುಬ್ಬು ಗಂಟಿಕ್ಕಿ ನನ್ನ ಹತ್ತಿರ ಬಂದರು.

“ಒಂದು ನಿಮಿಷ. ಮೊನ್ನೆ ನನ್ನ ಕ್ಲಿನಿಕ್ಕಿಗೆ ಬಂದು, ಆ ಹಲಗೇಲಿ ಬಿರುಕಿದೆ, ತಗೋಬೇಡಿ ಅಂದ್ರಲ್ಲ? ನಾನು ಬೆಳಿಗ್ಗೆ ಟಾರ್ಚ್ ಹಾಕಿ ಹುಡುಕಿದೆ, ಎಲ್ಲೂ ಇಲ್ಲ.”

“ಅದೂ ಸುಳ್ಳು ಡಾಕ್ಟ್ರೇ.”

“ಅದನ್ನ ಹೇಳೋಕೇ ಬಂದಿದ್ರಾ?”

“ಸುಮ್ನೆ ಬಂದು ಹೇಳಿದ್ರೆ ಅನುಮಾನ ಬರುತ್ತಲ್ಲ. ಅದಕ್ಕೇ ಪೇಷಂಟ್ ಥರ ಬಂದೆ.”

ಡಾಕ್ಟರ ಮುಖ ಬಿಳುಚಿತು. “ಹಾಗಾದ್ರೆ ನಾನು ಕಿತ್ತ ಆ ದವಡೆ ಹಲ್ಲು? ರಾತ್ರಿಯೆಲ್ಲ ಪ್ರಾಣ ಹೋಗೋ ಹಾಗೆ ನೋಯುತ್ತೆ, ಕಿತ್ತೇ ಹಾಕಿ ಅಂತ ಹಠ ಮಾಡಿದ್ರಲ್ಲ?”

ಅಕ್ಕ ಕಿವಿ ಬಿಟ್ಟಳು. ಭಾವ ಕತ್ತು ಚಾಚಿ ನನ್ನ ಬಾಯಿಯೊಳಗೆ ಇಣುಕಿದರು. ನಾನು ಮರಳು ನೋಡಿಕೊಂಡು ಹೇಳಿದೆ:

“ಒಂಚೂರೂ ನೋಯ್ತಿರ್ಲಿಲ್ಲ ಡಾಕ್ಟ್ರೇ.”